ಟೊಮೆಟೊ ಬಾಕ್ಸಿನ ಲೆಕ್ಕ ಯಾರ ಖಾತೆಗೆ?

ನಮ್ಮ ಬ್ಯಾಂಕಿನ ಶಾಖೆಗೆ ಹೊಸದಾಗಿ ಬಂದ ಹುಡುಗನೊಬ್ಬ ಮೊನ್ನೆ ಕೇಳಿದ: "ಸರ್, ಜಿಡಿಪಿಯಲ್ಲಿ ಕೃಷಿ ಬರೀ 18 ಪರ್ಸೆಂಟ್ ಅಲ್ವಾ? ಮತ್ಯಾಕೆ ಇಷ್ಟೊಂದು ತಲೆಬಿಸಿ?"

ನಾನು ಕೋಲಾರದ ಕಡೆ ಬೆಳೆಸಾಲ ನೋಡಿಕೊಳ್ಳುವವನು. ಪುಸ್ತಕದ ಉತ್ತರ ಕೊಡುವ ಬದಲು ಅವನನ್ನು ಬೆಳಗ್ಗೆ ಎಪಿಎಂಸಿಗೆ ಕರೆದುಕೊಂಡು ಹೋದೆ. ಅಲ್ಲಿ ಹರಾಜಾಗುವುದು ಕ್ವಿಂಟಲ್ ಲೆಕ್ಕದಲ್ಲಿ ಅಲ್ಲ, 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಒಂದು ಬಾಕ್ಸ್ ತೋರಿಸಿ, ಇದರೊಳಗೆ ಏನೇನಿದೆ ಹೇಳು ಅಂದೆ. ಟೊಮೆಟೊ ಅಂದ.

ಅಷ್ಟೇನಾ? ಸಸಿ ಬಂದಿದ್ದು ನರ್ಸರಿಯಿಂದ. ಡ್ರಿಪ್ ಪೈಪು, ನೆಲಕ್ಕೆ ಹೊದಿಸುವ ಮಲ್ಚಿಂಗ್ ಶೀಟು ಕಾರ್ಖಾನೆಯಿಂದ. ಗಿಡ ನಿಲ್ಲಿಸೋಕೆ ಕಡ್ಡಿ, ದಾರ. ಗೊಬ್ಬರ, ಔಷಧಿ. ತೋಟದಿಂದ ಮಂಡಿಗೆ ಟೆಂಪೋ, ಇಲ್ಲಿ ಹಮಾಲಿ, ಕಮಿಷನ್, ಆಮೇಲೆ ಹೊರರಾಜ್ಯಕ್ಕೆ ಲಾರಿ. ದೇಶದ ಲೆಕ್ಕದಲ್ಲಿ ಕೃಷಿ ಅಂತ ಬರೆಯುವುದು ಬೆಳೆಯ ಬೆಲೆಯಿಂದ ಬೀಜ, ಗೊಬ್ಬರ, ಔಷಧಿ, ಡೀಸೆಲ್ ಖರ್ಚು ಕಳೆದು ಉಳಿದದ್ದನ್ನು ಮಾತ್ರ. ಪೈಪು ಕೈಗಾರಿಕೆಯ ಖಾತೆಗೆ, ಲಾರಿ ಬಾಡಿಗೆ ಸಾರಿಗೆಗೆ, ಕಮಿಷನ್ ವ್ಯಾಪಾರಕ್ಕೆ, ಸಾಸ್ ಮಾಡಿದರೆ ಅದು ಮತ್ತೆ ಕೈಗಾರಿಕೆಗೆ. ನಾವು ಸಾಲ ಕೊಟ್ಟು ಗಳಿಸೋದು ಹಣಕಾಸು ಸೇವೆಯ ಲೆಕ್ಕಕ್ಕೆ. ಬಾಕ್ಸ್ ಇಲ್ಲದಿದ್ದರೆ ಇವರಲ್ಲಿ ಯಾರಿಗೂ ಕೆಲಸ ಇಲ್ಲ. ಆದರೂ ಕೃಷಿ ಬರೀ 18! ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು ಸುಮಾರು 33 ಪೈಸೆ ಅಂತ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೇ ಹೇಳಿದೆ.

ಇನ್ನು 2023ರ ಜುಲೈ ನೆನಪಿಸಿಕೊಳ್ಳಿ. ಇದೇ ಮಂಡಿಯಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ರೈತರು ರಾತ್ರಿ ತೋಟ ಕಾಯುತ್ತಿದ್ದರು. ಆ ತಿಂಗಳು ದೇಶದಲ್ಲಿ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ 37 ಪರ್ಸೆಂಟ್ ಜಾಸ್ತಿ, ಒಟ್ಟು ಹಣದುಬ್ಬರ 7.44 ಪರ್ಸೆಂಟ್. ಶ್ರೀಮಂತ ದೇಶದಲ್ಲಾದರೆ ಜನ ಒಂದಷ್ಟು ಗೊಣಗಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಹಾಗಲ್ಲ. 2022-23ರ ಸಮೀಕ್ಷೆ ಪ್ರಕಾರ ಹಳ್ಳಿಯ ಮನೆಯೊಂದು ಖರ್ಚು ಮಾಡುವ 100 ರೂಪಾಯಿಯಲ್ಲಿ 46 ಊಟ-ತಿಂಡಿಗೇ ಹೋಗುತ್ತದೆ, ಪೇಟೆಯಲ್ಲಿ 39. ಸಾರು ದುಬಾರಿಯಾದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಸಂಬಳ ಅಷ್ಟರಮಟ್ಟಿಗೆ ಕರಗಿದ ಹಾಗೆ. ಹೊಸ ಬಟ್ಟೆ, ಮೊಬೈಲು ಮುಂದಕ್ಕೆ ಹೋಗುತ್ತದೆ. ಮಾಲೀಕ ಸಂಬಳ ಏರಿಸಿದರೆ ಅವನ ಮಾಲಿನ ಬೆಲೆ ಏರುತ್ತದೆ. ಅತ್ತ ರಿಸರ್ವ್ ಬ್ಯಾಂಕು ಬಡ್ಡಿ ಇಳಿಸೋಕೆ ಹಿಂಜರಿಯುತ್ತದೆ. ಊಟ ಅಗ್ಗವಾಗಿ ಸಿಗದ ದೇಶದಲ್ಲಿ ಕಾರ್ಖಾನೆ ನಡೆಸೋದು ಕಷ್ಟ. ಇಷ್ಟು ಸಣ್ಣ ವಿಷಯವನ್ನು ನಮ್ಮ ಕೈಗಾರಿಕಾ ಸಮಾವೇಶಗಳಲ್ಲಿ ಯಾರೂ ಆಡುವುದಿಲ್ಲ.

ಜುಲೈ ದರ ನೋಡಿ ಎಲ್ಲರೂ ಸಸಿ ನೆಟ್ಟರು. ನಾಟಿ ಮಾಡಿ ಎರಡು ತಿಂಗಳು, ಎರಡೂವರೆ ತಿಂಗಳಿಗೆ ಕೊಯ್ಲು. ಸೆಪ್ಟೆಂಬರ್ ಹೊತ್ತಿಗೆ ದರ ನೆಲಕಚ್ಚಿತು. ಕೀಳುವ ಕೂಲಿಯೂ ಹುಟ್ಟದ ತೋಟಗಳಲ್ಲಿ ಹಣ್ಣನ್ನು ಗಿಡದಲ್ಲೇ ಬಿಟ್ಟರು. ಜುಲೈನಲ್ಲಿ ಸ್ವೀಟ್ ಬಾಕ್ಸ್ ಹಿಡಿದು ಬಂದವರು ಚಿನ್ನದ ಸಾಲ ಕೇಳಿಕೊಂಡು ಬಂದದ್ದನ್ನು ನಾನು ನೋಡಿದ್ದೇನೆ.

ಅದೇ ಮನೆಗಳಲ್ಲಿ ಎರಡು ಹಸು ಇದ್ದವರ ಕಥೆ ಬೇರೆ. ಡೇರಿಯಿಂದ ಬಟವಾಡೆ ತಪ್ಪದೆ ಬರುತ್ತದೆ. ಪೇಪರಿನಲ್ಲಿ ಸುದ್ದಿಯಾಗುವುದಿಲ್ಲ, ಆದರೆ ಸ್ಕೂಲ್ ಫೀಸು, ಅಂಗಡಿ ಬಾಕಿ, ನಮ್ಮ ಕಂತು ಎಲ್ಲಾ ತೀರುವುದು ಅದರಲ್ಲೇ. ಸಾಲದ ಫೈಲು ನೋಡುವಾಗ ನಾನು ಟೊಮೆಟೊ ಎಕರೆಗಿಂತ ಮೊದಲು ಹಸು ಎಷ್ಟು ಅಂತ ಕೇಳುತ್ತೇನೆ.

ಹುಡುಗನ 18ರ ಜೊತೆಗೆ ಇನ್ನೊಂದು ಅಂಕಿ ಇಟ್ಟು ನೋಡಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆದಾಯದಲ್ಲಿ ಕೃಷಿಯ ಪಾಲು ಹತ್ತಿರ ಹತ್ತಿರ ಅರ್ಧ ಇತ್ತು. ದೇಶ ಬೆಳೆದ ಹಾಗೆ ಆ ಪಾಲು ಇಳಿಯುವುದು ಸಹಜ, ಇಳಿಯಲೇಬೇಕು. ಜನವೂ ಅದರ ಜೊತೆ ಹೊರಗೆ ಹೋಗಬೇಕಿತ್ತು. ಹೋಗಿಲ್ಲ. 2023-24ರ ಸಮೀಕ್ಷೆ ಪ್ರಕಾರ ದುಡಿಯುವವರಲ್ಲಿ 46 ಪರ್ಸೆಂಟ್ ಇನ್ನೂ ಹೊಲದಲ್ಲೇ ಇದ್ದರು. 2018-19ರಲ್ಲಿ 42.5ಕ್ಕೆ ಇಳಿದಿದ್ದದ್ದು ಕೊರೊನಾ ವರ್ಷದಲ್ಲಿ ಮತ್ತೆ ಏರಿತು. ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರಿಗೆ ಅನ್ನ ಹಾಕಿದ್ದು ಆ ಹೊಲವೇ. 46 ಜನ 18 ರೂಪಾಯಿ ಹಂಚಿಕೊಳ್ಳಬೇಕು, ಉಳಿದ 54 ಜನಕ್ಕೆ 82. ತಲೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು ವ್ಯತ್ಯಾಸ. ತಲೆಬಿಸಿ ಇರೋದು ಇಲ್ಲಿ.

ಹಾಗಂತ ರೈತ ಬೇರೆ, ಕಾರ್ಮಿಕ ಬೇರೆ ಅಂತ ಗೆರೆ ಎಳೆಯೋಕೂ ಆಗಲ್ಲ. ಕಳೆದ ವಾರ ಡ್ರಿಪ್ ಸಾಲಕ್ಕೆ ತಂದೆ-ಮಗ ಬಂದಿದ್ದರು. ಪಹಣಿ ತಂದೆ ಹೆಸರಲ್ಲಿ. ಮಗ ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ, ಬೆಳಗ್ಗೆ ತೋಟಕ್ಕೆ ಔಷಧಿ ಹೊಡೆದು, ನೇರವಾಗಿ ಬ್ಯಾಂಕಿಗೆ ಬಂದಿದ್ದ. ಅರ್ಜಿಯಲ್ಲಿ ಉದ್ಯೋಗ ಅನ್ನುವ ಕಡೆ ಒಂದೇ ಗೆರೆ. "ಏನ್ ಬರೀಲಿ ಸರ್?" ಅಂದ. ತಂದೆಯದಕ್ಕೆ ವ್ಯವಸಾಯ ಅಂತ ಬರೆಸಿದೆ. ಮಗನ ಸಂಬಳದ ಸ್ಲಿಪ್ಪನ್ನು ಫೈಲಿನ ಹಿಂದೆ ಪಿನ್ ಮಾಡಿದೆ. ಕಂತು ಬರೋದು ಅದರಿಂದಲೇ ಅಂತ ಮೂವರಿಗೂ ಗೊತ್ತಿತ್ತು.