ಚೆಂಡು ಕಸಿಯುವವನು ಕಟ್ಟಿದ ತಂಡ: ಡಿಯಾಗೊ ಸಿಮಿಯೋನೆ ಸಾಗಿ ಬಂದ ದಾರಿ

2011ರ ಡಿಸೆಂಬರ್‌ನಲ್ಲಿ ಅಲ್ಬಾಸೆಟೆ ಎಂಬ ಕ್ಲಬ್ಬು ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು ಸ್ಪೇನ್‌ನ ನಾಕೌಟ್ ಕಪ್ ಆದ ಕೋಪಾ ಡೆಲ್ ರೇ ಟೂರ್ನಿಯಿಂದ ಹೊರಹಾಕಿತು. ಆಗ ಅದು ಸ್ಪೇನ್‌ನ ಮೂರನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ತಂಡ. ಎರಡು ಪಂದ್ಯಗಳಿದ್ದವು, ಎರಡನ್ನೂ ಅದೇ ಗೆದ್ದಿತು. ಮೊದಲ ದರ್ಜೆಯ ಲೀಗ್ ಲಾ ಲಿಗಾದಲ್ಲೂ ಅಟ್ಲೆಟಿಕೊ 10ನೇ ಸ್ಥಾನಕ್ಕೆ ಕುಸಿದಿತ್ತು. ಕೋಚ್ ಗ್ರೆಗೋರಿಯೊ ಮನ್ಸಾನೊ ಅವರನ್ನು ಕೆಲಸದಿಂದ ತೆಗೆದರು. ಡಿಸೆಂಬರ್ 23ರಂದು ಆ ಜಾಗಕ್ಕೆ ಬಂದವರು ಅರ್ಜೆಂಟೀನಾದ ಡಿಯಾಗೊ ಸಿಮಿಯೋನೆ.

ಕ್ಲಬ್ಬಿನ ಅಭಿಮಾನಿಗಳಿಗೆ ಅವರು ಹೊಸಬರಲ್ಲ. 1996ರ ಮೇ 25ರಂದು ಇದೇ ಅಲ್ಬಾಸೆಟೆ ವಿರುದ್ಧ 2-0ರಿಂದ ಗೆದ್ದು ಅಟ್ಲೆಟಿಕೊ ಲೀಗ್ ಕಿರೀಟ ತೊಟ್ಟಾಗ ಮೊದಲ ಗೋಲು ಹೊಡೆದವರೇ ಸಿಮಿಯೋನೆ. ಅದೇ ವರ್ಷ ಕೋಪಾ ಡೆಲ್ ರೇ ಕೂಡ ಬಂದಿತ್ತು. ಆಮೇಲಿನ ನಾಲ್ಕೇ ವರ್ಷಗಳಲ್ಲಿ ಕ್ಲಬ್ಬು ಎರಡನೇ ದರ್ಜೆಗೆ ಇಳಿಯಿತು, 2002ರಲ್ಲಷ್ಟೇ ಮೇಲೆ ಬಂತು. ಅದೃಷ್ಟಗೇಡಿ ಎಂಬ ಹಣೆಪಟ್ಟಿಯಂತೂ ಇನ್ನೂ ಹಳೆಯದು. 1974ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಲೂಯಿಸ್ ಅರಗೊನೆಸ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದು ಕಪ್ಪನ್ನು ಕೈಗೆಟುಕಿಸಿದ್ದರು. ಕೊನೆಯ ನಿಮಿಷದಲ್ಲಿ ಬಯರ್ನ್ ಮ್ಯೂನಿಕ್‌ನ ಶ್ವಾರ್ಟ್ಸೆನ್‌ಬೆಕ್ ದೂರದಿಂದ ಹೊಡೆದ ಚೆಂಡು ಬಲೆ ಸೇರಿತು. ಮರುಪಂದ್ಯದಲ್ಲಿ ಅಟ್ಲೆಟಿಕೊ 4-0ಯಿಂದ ಸೋತಿತು. ಸಿಮಿಯೋನೆ ಕೈಗೆ ಬಂದದ್ದು ಈ ಚರಿತ್ರೆಯ ಕ್ಲಬ್ಬು.

ಅವರು ಕಟ್ಟಿದ ತಂಡವನ್ನು ಅರ್ಥಮಾಡಿಕೊಳ್ಳಬೇಕಾದರೆ ಅವರು ಆಡುತ್ತಿದ್ದ ಜಾಗವನ್ನು ಮೊದಲು ನೋಡಬೇಕು. ಅರ್ಜೆಂಟೀನಾದಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ಎಂದರೆ ಐದನೇ ನಂಬರಿನ ಆಟಗಾರ, ಡಿಫೆಂಡರ್‌ಗಳ ಮುಂದೆ ನಿಲ್ಲುವ ಕಾವಲುಗಾರ. ಅವನ ಕೆಲಸದಲ್ಲಿ ಟ್ಯಾಕಲ್, ಅಂದರೆ ಕಾಲು ಹಾಕಿ ಚೆಂಡು ಕಸಿಯುವುದು, ಒಂದು ಸಣ್ಣ ಭಾಗ ಮಾತ್ರ. ಎದುರಾಳಿ ಸ್ಟ್ರೈಕರ್‌ಗೆ ಪಾಸ್ ಹೋಗಬಹುದಾದ ಗೆರೆಯ ಮೇಲೆ ಮೊದಲೇ ನಿಂತುಬಿಡುವುದು, ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಮುಂದಕ್ಕೆ ಓಡಿದಾಗ ಅವನು ಬಿಟ್ಟುಹೋದ ಜಾಗ ತುಂಬುವುದು, ಚೆಂಡು ಕೈತಪ್ಪಿದಾಗ ಬೆನ್ನಟ್ಟಬೇಕೋ ಹಿಂದೆ ಸರಿಯಬೇಕೋ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವುದು, ಇವೇ ಹೆಚ್ಚು. ಅವನು ಚೆನ್ನಾಗಿ ಆಡಿದ ದಿನ ಎದುರಾಳಿಯ ಪಾಸ್ ಹುಟ್ಟುವುದೇ ಇಲ್ಲ, ಹಾಗಾಗಿ ನೋಡುಗರ ಕಣ್ಣಿಗೂ ಬೀಳುವುದಿಲ್ಲ.

1970ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಸಿಮಿಯೋನೆ ವೆಲೆಸ್ ಸಾರ್ಸ್‌ಫೀಲ್ಡ್ ಕ್ಲಬ್ಬಿನಲ್ಲಿ ಬೆಳೆದರು. ಹಳೆಯ ಆಟಗಾರ ಕಾರ್ಮೆಲೊ ಸಿಮಿಯೋನೆಯ ಹುರುಪನ್ನು ಹುಡುಗನಲ್ಲಿ ಕಂಡ ಕೋಚ್ ವಿಕ್ಟೋರಿಯೊ ಸ್ಪಿನೆಟ್ಟೊ, ಅವರ ‘ಚೋಲೊ’ ಎಂಬ ಅಡ್ಡಹೆಸರನ್ನೇ ಇವನಿಗೂ ಇಟ್ಟರು. ಇಬ್ಬರಿಗೂ ರಕ್ತಸಂಬಂಧವೇನೂ ಇಲ್ಲ. ಇಟಲಿಯ ಪೀಸಾ ಮುಗಿಸಿ 1992ರಲ್ಲಿ ಸೆವಿಯಾಗೆ ಹೋದಾಗ ಅಲ್ಲಿನ ಕೋಚ್ ಕಾರ್ಲೊಸ್ ಬಿಲಾರ್ಡೊ, ಸಹ ಆಟಗಾರ ಮರಡೋನಾ. 1986ರಲ್ಲಿ ಅರ್ಜೆಂಟೀನಾಕ್ಕೆ ವಿಶ್ವಕಪ್ ತಂದುಕೊಟ್ಟ ಬಿಲಾರ್ಡೊ ಅವರಿಗೆ ಆಟದ ಚೆಲುವಿಗಿಂತ ಫಲಿತಾಂಶ ಮುಖ್ಯ, ಎದುರಾಳಿಯ ಅಧ್ಯಯನ ಮುಖ್ಯ. 1978ರ ವಿಶ್ವಕಪ್ ಗೆಲ್ಲಿಸಿದ ಮೆನೊಟ್ಟಿ ಒಂದು ಕಡೆ, ಬಿಲಾರ್ಡೊ ಇನ್ನೊಂದು ಕಡೆ. ಆ ದೇಶದ ಫುಟ್ಬಾಲ್ ಚರ್ಚೆ ಇವತ್ತಿಗೂ ಈ ಎರಡು ಹೆಸರುಗಳ ಸುತ್ತ ಸುತ್ತುತ್ತದೆ. ಸಿಮಿಯೋನೆ ಯಾವ ಕಡೆಯವರು ಎಂದು ಬೇರೆ ಹೇಳಬೇಕಿಲ್ಲ.

ಆಟಗಾರನಾಗಿ ಅವರ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು 1998ರ ವಿಶ್ವಕಪ್‌ನಲ್ಲಿ, ಡೇವಿಡ್ ಬೆಕ್‌ಹಮ್‌ಗೆ ಕೆಂಪು ಕಾರ್ಡ್ ಸಿಕ್ಕ ಪಂದ್ಯದಲ್ಲಿ. ಬೆಕ್‌ಹಮ್ ಕಾಲು ತಾಗಿದ್ದನ್ನು ತಾನು ದೊಡ್ಡದು ಮಾಡಿದೆ ಎಂದು ನಂತರ ಸಿಮಿಯೋನೆಯೇ ಒಪ್ಪಿಕೊಂಡರು. ಆ ಒಂದು ಘಟನೆ ಉಳಿದದ್ದನ್ನೆಲ್ಲ ಮರೆಮಾಡಿದ್ದು ನನಗೆ ಬೇಸರದ ಸಂಗತಿ. ಏಕೆಂದರೆ ಸಿಮಿಯೋನೆ ಗೋಲನ್ನೂ ಹೊಡೆಯುತ್ತಿದ್ದ ಮಿಡ್‌ಫೀಲ್ಡರ್. ಲಾಟ್ಸಿಯೊ 2000ದಲ್ಲಿ ಇಟಲಿಯ ಲೀಗ್ ಗೆದ್ದದ್ದರಲ್ಲಿ, ಏಪ್ರಿಲ್‌ನಲ್ಲಿ ಯುವೆಂಟಸ್ ವಿರುದ್ಧ ಅವರದೇ ಮೈದಾನದಲ್ಲಿ ಸಿಮಿಯೋನೆ ತಲೆಯಿಂದ ಹೊಡೆದ ಏಕೈಕ ಗೋಲಿನ ಪಾಲು ದೊಡ್ಡದು. ಪೆನಾಲ್ಟಿ ಬಾಕ್ಸ್‌ಗೆ ಯಾವಾಗ ನುಗ್ಗಬೇಕು ಎಂಬುದೂ ಜಾಗದ ಲೆಕ್ಕಾಚಾರವೇ ಅಲ್ಲವೆ?

2006ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ರೇಸಿಂಗ್ ಕ್ಲಬ್ಬಿನಲ್ಲಿ ಆಟ ನಿಲ್ಲಿಸಿದವರು ಅದೇ ತಿಂಗಳು ಅಲ್ಲಿಯೇ ಕೋಚ್ ಆದರು. ವಿರಾಮವಿಲ್ಲ, ಯುವ ತಂಡಗಳಲ್ಲಿ ಅಭ್ಯಾಸವಿಲ್ಲ. ವರ್ಷದ ಕೊನೆಗೆ ಎಸ್ಟುಡಿಯಾಂಟೆಸ್ ತಂಡಕ್ಕೆ 23 ವರ್ಷಗಳ ಬಳಿಕ ಲೀಗ್ ಪ್ರಶಸ್ತಿ ತಂದರು. 2008ರ ಮೊದಲಾರ್ಧದಲ್ಲಿ ರಿವರ್ ಪ್ಲೇಟ್ ಅನ್ನು ಚಾಂಪಿಯನ್ ಮಾಡಿದರು. ಅದೇ ತಂಡ ಮುಂದಿನ ಟೂರ್ನಿಯಲ್ಲಿ ಪಟ್ಟಿಯ ತಳ ಸೇರಿದಾಗ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ನಂತರ ಸ್ಯಾನ್ ಲೊರೆನ್ಸೊ. 2011ರಲ್ಲಿ ಇಟಲಿಯ ಕಟಾನಿಯಾವನ್ನು ಕೆಳದರ್ಜೆಗೆ ಜಾರದಂತೆ ಉಳಿಸಿ, ಮತ್ತೆ ರೇಸಿಂಗ್. ಅಟ್ಲೆಟಿಕೊ ಕರೆ ಬಂದಾಗ ಅವರಿಗೆ 41 ವರ್ಷ.

ಅಲ್ಲಿ ಮಾಡಿದ್ದು ಇಷ್ಟು: ಐದನೇ ನಂಬರಿನವನ ಕೆಲಸವನ್ನು ಹನ್ನೊಂದು ಜನರಿಗೂ ಹಂಚಿದರು. ನಾಲ್ವರು ಡಿಫೆಂಡರ್‌ಗಳು, ಅವರ ಮುಂದೆ ನಾಲ್ವರು ಮಿಡ್‌ಫೀಲ್ಡರ್‌ಗಳು, ಎರಡು ಸಾಲುಗಳ ನಡುವೆ ಕೆಲವೇ ಹೆಜ್ಜೆಗಳ ಅಂತರ. ಇಬ್ಬರು ಸ್ಟ್ರೈಕರ್‌ಗಳೂ ಹಿಂದೆ ಬಂದು ಎದುರಾಳಿಯ ನಡುಮೈದಾನದವರನ್ನು ಕಾಯಬೇಕು. ಮಧ್ಯದ ದಾರಿ ಮುಚ್ಚಿದಾಗ ಚೆಂಡು ಅನಿವಾರ್ಯವಾಗಿ ಅಂಚಿಗೆ ಹೋಗುತ್ತದೆ. ಅಲ್ಲಿ ಗೆರೆಯೇ ಒಬ್ಬ ಡಿಫೆಂಡರ್ ಇದ್ದಂತೆ. ಇಬ್ಬರು ಮೂವರು ಒಟ್ಟಿಗೆ ಮುತ್ತುತ್ತಾರೆ. ಎದುರಾಳಿ ಹೇಗೋ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು (ಕ್ರಾಸ್) ಕಳಿಸಿದರೂ ಅದನ್ನು ತಲೆಯಿಂದ ಆಚೆ ದೂಡಲು ಆಗ ನಡುವಿನ ಡಿಫೆಂಡರ್‌ಗಳಾದ ಗೊಡಿನ್ ಮತ್ತು ಮಿರಾಂಡ ಕಾದಿರುತ್ತಿದ್ದರು. ಇಷ್ಟು ಓಡುವ ಶಕ್ತಿ ತುಂಬಿದವರು ಉರುಗ್ವೆಯ ದೈಹಿಕ ತರಬೇತುದಾರ ಆಸ್ಕರ್ ಒರ್ಟೆಗಾ. ಇದನ್ನು ಬರೀ ‘ಬಸ್ ನಿಲ್ಲಿಸುವ’ ಆಟ, ಅಂದರೆ ಎಲ್ಲರನ್ನೂ ಗೋಲಿನ ಮುಂದೆ ಗುಂಪುಗೂಡಿಸುವ ಆಟ ಎನ್ನುವವರು ತಂಡ ಒಟ್ಟಾಗಿ ಎಡಕ್ಕೂ ಬಲಕ್ಕೂ ಸರಿಯುವ ರೀತಿಯನ್ನು ಹತ್ತು ನಿಮಿಷ ಗಮನವಿಟ್ಟು ನೋಡಿಲ್ಲ ಎಂದೇ ನನ್ನ ಅಭಿಪ್ರಾಯ.

ಫಲ ಬೇಗ ಬಂತು. 2012ರಲ್ಲಿ ಯುರೋಪಿನ ಎರಡನೇ ದರ್ಜೆಯ ಕ್ಲಬ್ ಟೂರ್ನಿ ಯುರೋಪಾ ಲೀಗ್. 2013ರ ಕೋಪಾ ಡೆಲ್ ರೇ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಅವರದೇ ಬರ್ನಬ್ಯೂ ಮೈದಾನದಲ್ಲಿ 2-1ರ ಗೆಲುವು, ಅದೂ ನಗರದ ಎದುರಾಳಿಯ ಮೇಲೆ 14 ವರ್ಷಗಳ ಬಳಿಕ ಮೊದಲ ಸಲ. 2013-14ರ ಋತುವಿನಲ್ಲಿ ಬಾರ್ಸಿಲೋನಾ ಜೊತೆ ಆರು ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಆ ಆರರಲ್ಲಿ ಬಾರ್ಸಿಲೋನಾಗೆ ದಕ್ಕಿದ್ದು ಮೂರೇ ಗೋಲು. ಮೆಸ್ಸಿ ಒಂದನ್ನೂ ಹೊಡೆಯಲಿಲ್ಲ.

ಆ ಆರನೆಯ ಪಂದ್ಯವೇ 2014ರ ಮೇ 17ರಂದು ಬಾರ್ಸಿಲೋನಾದ ಮೈದಾನ ಕ್ಯಾಂಪ್ ನೌನಲ್ಲಿ ನಡೆದ ಲೀಗ್‌ನ ಕೊನೆಯ ಪಂದ್ಯ. ಅಟ್ಲೆಟಿಕೊಗೆ ಡ್ರಾ ಸಾಕು, ಬಾರ್ಸಿಲೋನಾ ಗೆದ್ದರೆ ಕಿರೀಟ ಅವರದು. ಮೊದಲ ಅರ್ಧ ಗಂಟೆಯೊಳಗೆ ಡಿಯಾಗೊ ಕೋಸ್ಟಾ ಮತ್ತು ಅರ್ಡಾ ಟುರಾನ್ ಇಬ್ಬರೂ ಗಾಯಗೊಂಡು ಹೊರನಡೆದರು. ಬೆನ್ನಿಗೇ ಅಲೆಕ್ಸಿಸ್ ಸಾಂಚೆಜ್ ಗೋಲು ಹೊಡೆದರು. ವಿರಾಮದ ನಂತರ ಗಾಬಿ ಒದ್ದ ಕಾರ್ನರ್‌ಗೆ ಗೊಡಿನ್ ತಲೆ ಕೊಟ್ಟರು, 1-1. ಉಳಿದ ನಲವತ್ತು ನಿಮಿಷ ಆ ಎರಡು ಸಾಲುಗಳು ಕದಲಲಿಲ್ಲ. ಅಟ್ಲೆಟಿಕೊ 90 ಅಂಕ, ಬಾರ್ಸಿಲೋನಾ ಮತ್ತು ರಿಯಲ್ ತಲಾ 87. 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 26 ಗೋಲು.

ಒಂದು ವಾರದ ಬಳಿಕ ಲಿಸ್ಬನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಗೊಡಿನ್ ಗೋಲಿನಿಂದ ಮುಂದಿದ್ದ ತಂಡದ ವಿರುದ್ಧ 93ನೇ ನಿಮಿಷದಲ್ಲಿ ರಿಯಲ್‌ನ ಸೆರ್ಜಿಯೊ ರಾಮೊಸ್ ತಲೆ ಕೊಟ್ಟು ಸಮಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಅಟ್ಲೆಟಿಕೊ ಕಾಲುಗಳು ಸೋತವು, 4-1. 2016ರಲ್ಲಿ ಮಿಲಾನ್‌ನಲ್ಲಿ ಮತ್ತೆ ಅದೇ ಎದುರಾಳಿ, ಪೆನಾಲ್ಟಿಗಳಲ್ಲಿ ಸೋಲು. 2018ರ ಯುರೋಪಾ ಲೀಗ್, 2021ರಲ್ಲಿ ಲೂಯಿಸ್ ಸುವಾರೆಜ್ ಗೋಲುಗಳ ಬಲದಲ್ಲಿ ಬಂದ ಎರಡನೇ ಲಾ ಲಿಗಾ, ಇವು ಯಾವುವೂ ಚಾಂಪಿಯನ್ಸ್ ಲೀಗ್ ಕೈತಪ್ಪಿದ ಕೊರತೆಯನ್ನು ತುಂಬಲಿಲ್ಲ.

ಈ ಪದ್ಧತಿಗೆ ತೆರಬೇಕಾದ ಬೆಲೆಯೂ ಇದೆ. 2022ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಐದೈದು ಜನರ ಎರಡು ಸಾಲು ನಿಲ್ಲಿಸಿ 1-0ಯಿಂದ ಸೋತಾಗ ಗೋಲಿನತ್ತ ನೋಡುವ ಮನಸ್ಸೇ ತಂಡಕ್ಕಿರಲಿಲ್ಲ. 2019ರಲ್ಲಿ ಕ್ಲಬ್ಬು ಸುಮಾರು 12.6 ಕೋಟಿ ಯೂರೊ ಕೊಟ್ಟು ತಂದ ಜೊವಾವೊ ಫೆಲಿಕ್ಸ್ ಇಲ್ಲಿ ಅರಳಲೇ ಇಲ್ಲ. ಅದೇ ಕ್ಲಬ್ಬಿನಲ್ಲಿ, ಅದೇ ಕೋಚ್ ಕೈಕೆಳಗೆ, ಆಂಟ್ವಾನ್ ಗ್ರೀಝ್‌ಮನ್ ಹಿಂದಕ್ಕೆ ಓಡಿ ಚೆಂಡು ಕಸಿಯಲು ಕಲಿತರು, 2024ರ ಜನವರಿಯಲ್ಲಿ ಅರಗೊನೆಸ್ ಅವರ 173 ಗೋಲುಗಳ ಕ್ಲಬ್ ದಾಖಲೆಯನ್ನೂ ಮುರಿದರು. ಹಾಗಾಗಿ ಸಿಮಿಯೋನೆ ಪ್ರತಿಭೆಯನ್ನು ಕೊಲ್ಲುತ್ತಾರೆ ಎಂಬ ದೂರನ್ನು ನಾನು ಒಪ್ಪಲಾರೆ. ಕಾವಲಿನ ಪಾಳಿಯಿಂದ ಯಾರಿಗೂ ವಿನಾಯಿತಿ ಕೊಡದ ಕೋಚ್ ಅವರು, ಫೆಲಿಕ್ಸ್ ಅವರಂಥ ಆಟಗಾರರಿಗೆ ಆ ತಂಡದಲ್ಲಿ ಜಾಗ ಸಿಗುವುದು ಕಷ್ಟ.