ಪದ ಪರಿಚಯ: ವೀಳ್ಯ

ಶಿರಸಿ, ಸಾಗರದ ಕಡೆ ಯಾರ ಮನೆಗಾದರೂ ಹೋಗಿ ಕೂತರೆ ಬೆಲ್ಲ-ನೀರಿನ ಹಿಂದೆಯೇ ಒಂದು ಮಾತು ಬರುತ್ತದೆ: 'ಕವಳ ಹಾಕಿ.' ಜೊತೆಗೆ ಒಂದು ತಟ್ಟೆ ನಿಮ್ಮ ಕಡೆ ಸರಿಯುತ್ತದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ. ಇದೇ ತುಳುವಿನಲ್ಲಿ ಬಚ್ಚಿರೆ-ಬಜ್ಜೆಯಿ, ಬಯಲುಸೀಮೆಯಲ್ಲಿ ಸುಮ್ನೆ ಎಲೆ-ಅಡಿಕೆ, ಪೂಜೆಯ ಮನೆಯಲ್ಲಿ ತಾಂಬೂಲ. ನಮ್ಮ ಕಾವ್ಯಗಳಲ್ಲಿ ವೀಳ್ಯ, ವೀಳೆಯ.

ಈ ಪದದ ಮೂಲ ಸಂಸ್ಕೃತದ ವೀಟಿಕಾ. ಹಿಂದಿಯ ಬೀಡಾ ಕೂಡ ಅದರ ಕೂಸೇ. ನಮ್ಮಲ್ಲಿ ಯುದ್ಧಕ್ಕೆ ಕರೆಯುವುದು ರಣವೀಳ್ಯ. ಹಿಂದಿಯಲ್ಲಿ ಕಷ್ಟದ ಕೆಲಸಕ್ಕೆ ಮುಂದೆ ಬಂದವನು 'ಬೀಡಾ ಎತ್ತಿದ'. ಎಲೆ ತಗೊಂಡರೆ ಒಪ್ಪಿದ ಹಾಗೆ. ಮದುವೆ ಮಾತುಕತೆ ಗಟ್ಟಿಯಾದಾಗ ತಾಂಬೂಲ ಬದಲಾಯಿಸುವುದೂ ಇದಕ್ಕೇ ಅಲ್ವಾ?

1443ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತಿನಿಂದ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ಸಿಕ್ಕ ಮರ್ಯಾದೆಯೂ ವೀಳ್ಯವೇ, ಜೊತೆಗೆ ಕರ್ಪೂರ. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಎಲೆ ಕೈಗೆ ಬಂದರೆ ಅರ್ಥವಾಗಲು ದುಭಾಷಿ ಬೇಕಿರಲಿಲ್ಲ.

ಇಷ್ಟು ಥರದ ಜನರ ನಡುವೆ ಇದು ಓಡಾಡಿದ್ದು ಹೇಗೆ? ನನಗನಿಸುವುದು, ಇದು ಬೇಯಿಸಿದ ಅಡುಗೆಯಲ್ಲ. ಒಬ್ಬರ ಮನೆಯ ಅನ್ನ ಇನ್ನೊಬ್ಬರು ಉಣ್ಣದ ಕಾಲದಲ್ಲೂ ಬಳ್ಳಿಯಿಂದ ಕಿತ್ತ ಎಲೆಗೆ ಅಂಥ ತಕರಾರು ಕಡಿಮೆ. ಕೊಡವರ ಮದುವೆಯಲ್ಲಿ, ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯಲ್ಲಿ, ಮುಸ್ಲಿಮರ ಮದುವೆ ಊಟದ ಕೊನೆಗೆ ಎಲ್ಲೆಡೆ ಅದೇ ಎಲೆ. ಹಾಗಂತ ಪೂರಾ ಚಂದದ ಕಥೆಯೇನೂ ಅಲ್ಲ. ದಲಿತರ ಕೈಗೆ ಕೊಡದೆ ದೂರದಿಂದ ಎಸೆದದ್ದೂ ಇದೇ ಎಲೆಯನ್ನೇ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಅನ್ನುವ ಗಾದೆಯನ್ನು ಅಲ್ಲಿಟ್ಟು ನೋಡಿದರೆ ಬೇರೆಯೇ ಕೇಳಿಸುತ್ತದೆ.

ಕವಳ ಹಾಕುವವರ ಕೈ ನೋಡಬೇಕು. ಎಲೆಯ ತುದಿ ಚಿವುಟಿ, ಬೆನ್ನು ಪಂಚೆಗೆ ಒರೆಸಿ, ನಾರು ಎಳೆದು, ಬೆರಳ ತುದಿಯಲ್ಲಿ ಸುಣ್ಣ ಸವರುತ್ತಾರೆ. ಮಾತು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಬಾಯಿ ಕ್ಯಾನ್ಸರಿನ ಹೆದರಿಕೆಯಿಂದ ಈಗ ತಿನ್ನುವವರು ಕಡಿಮೆ, ಡಾಕ್ಟರೂ ಬೇಡ ಅನ್ನುತ್ತಾರೆ. ಆದರೂ ತಟ್ಟೆ ಮುಂದೆ ಬಂದಾಗ ಬೇಡ ಅನ್ನಲು ಬಾಯಿ ಬರುವುದಿಲ್ಲ. ಒಂದು ಎಲೆ, ಒಂದು ಚೂರು ಅಡಿಕೆ ಎತ್ತಿಕೊಂಡು ಜೇಬಿಗೆ ಹಾಕಿಕೊಳ್ಳುತ್ತೇವೆ.