ನೀರು ಇಳಿದ ಮೇಲೆ ಜ್ವರದ ಲೆಕ್ಕ

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಮುಂಬಯಿಯ ನಮ್ಮ ಹೋಟೆಲ್ ಹುಡುಗರು ಸೊಂಟದ ಮಟ್ಟದ ನೀರಿನಲ್ಲಿ ನಡೆದೇ ಖೋಲಿ ಸೇರಿದರು. ನೀರು ಇಳಿಯಿತು, ಎಲ್ಲರಿಗೂ ನೆಮ್ಮದಿ. ಜ್ವರ ಶುರುವಾದದ್ದು ಆಮೇಲೆ.

ಅದು ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್. ಇಲಿಯ ಉಚ್ಚೆ ಬೆರೆತ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಸಾಕು. ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ಅದಕ್ಕೇ ರಸ್ತೆ ಒಣಗಿದ ಮೇಲೂ ಜ್ವರದ ಲೆಕ್ಕ ಇಡುತ್ತಲೇ ಇರಬೇಕು.

ಈ ಲೆಕ್ಕದ ಕಥೆ ಇಲ್ಲಿ ತುಂಬಾ ಹಳೆಯದು. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗನ್ನು ಗುರುತಿಸಿದವರು ಗೋವಾ ಮೂಲದ ಡಾ. ಅಕಾಸಿಯೊ ವಿಯೆಗಾಸ್. ಒಬ್ಬ ವೈದ್ಯರು ರೋಗಿಯನ್ನು ಸರಿಯಾಗಿ ನೋಡಿದ್ದರಿಂದ ಊರಿಗೆ ಸುಳಿವು ಸಿಕ್ಕಿತು. ಆದರೆ ಮರುವರ್ಷ ಪುಣೆಯಲ್ಲಿ ಸೈನಿಕರು ಮನೆ ಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಸಾಮಾನು ಸುಟ್ಟರು. ಜನ ಕಾಯಿಲೆ ಬಿದ್ದವರನ್ನು ಬಚ್ಚಿಟ್ಟರು, ಸಾವನ್ನೂ ಮುಚ್ಚಿಟ್ಟರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡ್ ಮೇಲೆ ಗುಂಡು ಹಾರಿತು. ಹೆದರಿದ ಊರು ನಿಜ ಹೇಳುವುದಿಲ್ಲ, ಅಲ್ವಾ?

1994ರಲ್ಲಿ ಆಫ್ರಿಕಾದ ರುವಾಂಡಾದಿಂದ ಪಕ್ಕದ ದೇಶದ (ಈಗಿನ ಕಾಂಗೋ) ಗೋಮಾ ಊರಿಗೆ ಓಡಿಬಂದ ನಿರಾಶ್ರಿತರಲ್ಲಿ ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ಜಾಸ್ತಿ ಜನರನ್ನು ಕೊಂದದ್ದು ಕಾಲರಾ ಮತ್ತು ಭೇದಿ. ಇಂಥ ಕಡೆ ಲ್ಯಾಬ್ ವರದಿಗೆ ಕಾಯುತ್ತಾ ಕೂರಲು ಆಗುವುದಿಲ್ಲ. ನೀರಿನಂತೆ ಭೇದಿ, ಜ್ವರ, ಕಾಮಾಲೆ ಎಂದು ಕಂಡ ಲಕ್ಷಣವನ್ನೇ ಬರೆದು ಕಳಿಸಬೇಕು. ಈಗ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಮೊಬೈಲ್, ಲ್ಯಾಪ್‌ಟಾಪ್, ಸೋಲಾರ್ ಚಾರ್ಜರ್ ಇರುವ ಪೆಟ್ಟಿಗೆ ಕಳಿಸುತ್ತದೆ.

ನಮ್ಮ ದೇಶದಲ್ಲಿ 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯೂ ಇದೇ ದಾರಿ ಹಿಡಿಯಿತು. ಲಕ್ಷಣ ಬರೆಯಲು ಆರೋಗ್ಯ ಕಾರ್ಯಕರ್ತೆಗೆ ಒಂದು ಫಾರಂ, ಡಾಕ್ಟರಿಗೆ ಒಂದು, ಲ್ಯಾಬಿಗೆ ಇನ್ನೊಂದು. ಮೊದಲನೆಯದೇ ಅತಿ ಮುಖ್ಯ ಎಂದು ನನಗೆ ಅನಿಸುತ್ತದೆ. ಮೆಡಿಕಲ್‌ನಲ್ಲಿ ಎರಡು ಮಾತ್ರೆ ತಗೊಂಡು ಕೂಲಿಗೆ ಹೋದವನ ಜ್ವರ ಬೇರೆಲ್ಲೂ ದಾಖಲಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರ ಜೊತೆ ಮುಂಬಯಿಯ ಒಂದು ಚಾಳಿಗೆ ಹೋಗಿದ್ದೆ. ಕಲಬುರಗಿ ಕಡೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಹಿಂದಿಯಲ್ಲಿ ಕೇಳಿದಾಗ ಸುಮ್ನೆ ತಲೆಯಾಡಿಸಿದರು. ಕಾರ್ಯಕರ್ತೆ ರಿಜಿಸ್ಟರ್ ಮುಚ್ಚಿದರು. "ಯಕ್ಕಾ, ಮನ್ಯಾಗ ಯಾರಿಗರ ಜ್ವರ ಬಂದಾವೇನ್ರಿ?" ಎಂದು ನಾನು ಕೇಳಿದೆ. ಅವರು ಒಮ್ಮೆ ಒಳಗೆ ನೋಡಿದರು.

"ಹಿರಿ ಮಗಗ ಬಂದಾವ್ರಿ. ಮೂರ್ ದಿನ ಆತು. ಕಣ್ಣೂ ಕೆಂಪಗಾಗ್ಯಾವ."

ರಿಜಿಸ್ಟರ್ ಮತ್ತೆ ತೆರೆಯಿತು.